ಆರು ವಾರದ ಲೆಕ್ಕ

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಅಮೆರಿಕದ ಸ್ಟ್ಯಾಂಡ್‌ಅಪ್ ಹಾಸ್ಯಗಾರ ಜಾರ್ಜ್ ಕಾರ್ಲಿನ್ ಶೋ ಹಾಕಿಕೊಂಡು ಕೂತೆ. ಎಚ್‌ಬಿಒ ಟಿವಿ ಚಾನೆಲ್‌ಗೆ ಅವರು ಮಾಡಿದ್ದು ಒಟ್ಟು 14 ಸ್ಪೆಷಲ್ ಶೋ. ಮೊದಲನೆಯದು 1977ರದ್ದು, ಕೊನೆಯದು 2008ರ ಮಾರ್ಚ್‌ದು. ಎರಡನ್ನೂ ಒಟ್ಟಿಗೆ ನೋಡಬಾರದಿತ್ತು. ಮೊದಲನೆಯದರಲ್ಲಿ ಉದ್ದ ಕೂದಲಿನ ಹುಡುಗಾಟದ ಆಸಾಮಿ. ಕೊನೆಯದರಲ್ಲಿ 70ರ ಮುದುಕ, ಕಪ್ಪು ಬಟ್ಟೆ, ಬಿಳಿ ಗಡ್ಡ. ಮಾತಿನಲ್ಲಿ ಬೇಗನೇ ಮುಪ್ಪು, ಸಾವು ಬಂದುಬಿಡುತ್ತೆ. ಸತ್ತ ಗೆಳೆಯನ ಹೆಸರನ್ನು ಅಡ್ರೆಸ್ ಬುಕ್ಕಿನಿಂದ ಯಾವಾಗ ತೆಗೆಯಬೇಕು ಅಂತ ಅವರದ್ದೊಂದು ಲೆಕ್ಕ. ಆರು ವಾರವಂತೆ! ಜೋರಾಗಿ ನಕ್ಕುಬಿಟ್ಟೆ, ಪಕ್ಕದ ರೂಮಿನಿಂದ ಅಮ್ಮ ಬೈದಳು. ಆ ಶೋ ಆಗಿ ನಾಲ್ಕು ತಿಂಗಳೊಳಗೆ ಅವರೇ ಹೋಗಿಬಿಟ್ಟರು, ಜೂನ್‌ನಲ್ಲಿ.

ಆಮೇಲೆ ಮೊಬೈಲ್ ತೆಗೆದು ನೋಡಿದೆ. ಸೋದರಮಾವನ ನಂಬರ್ ಇನ್ನೂ ಇದೆ. ಅವರು ತೀರಿಕೊಂಡು ಮೂರು ವರ್ಷ ಆಯ್ತು. ಡಿಪಿಯಲ್ಲಿ ಅದೇ ಹಳೇ ಸ್ಕೂಟರ್.