ಗೋಳಗುಮ್ಮಟ ಫೋಟೊದಲ್ಲಿ ಯಾಕೆ ವಾಲುತ್ತೆ?

ವಿಜಯಪುರದ ಗೋಳಗುಮ್ಮಟದ ಫೋಟೊಗಳಲ್ಲಿ ಏಳಂತಸ್ತಿನ ಮೂಲೆ ಗೋಪುರಗಳು ಮೇಲೆ ಹೋದಂತೆ ಒಳಕ್ಕೆ ಬಾಗುತ್ತವಲ್ಲ, ಎಲ್ಲರೂ ವೈಡ್ ಲೆನ್ಸನ್ನೇ ಬೈತಾರೆ. ಪಾಪ, ಅದರದ್ದೇನೂ ತಪ್ಪಿಲ್ಲ. ಕ್ಯಾಮೆರಾ ಮೇಲಕ್ಕೆತ್ತಿದ್ದೇ ಕಾರಣ. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಗೋಡೆಗೆ ಸಮಾನಾಂತರವಾಗಿದ್ದರೆ 16 ಎಂಎಂನಂಥ ವೈಡ್ ಲೆನ್ಸಿನಲ್ಲೂ ಗೋಪುರ ನೆಟ್ಟಗೇ ನಿಲ್ಲುತ್ತೆ. ಆಗ ಫ್ರೇಮಿನ ಅರ್ಧ ಬರೀ ನೆಲ. ಕ್ಯಾಮೆರಾವನ್ನು ಉದ್ದುದ್ದ ಹಿಡಿದು ತೆಗೆದು, ಕೆಳಗಿನದನ್ನು ಕತ್ತರಿಸಿದರಾಯ್ತು. ಹಿಂದೆ ಸರಿಯೋಣ ಅಂದ್ರೆ ಈಗ ಮ್ಯೂಸಿಯಂ ಆಗಿರುವ ನಗಾರಖಾನೆ ಅಡ್ಡ ಬರುತ್ತೆ.

ಎತ್ತಿಯೇ ತೆಗೆದಿದ್ದರೆ, ಫೋಟೊ ತಿದ್ದುವ ಸಾಫ್ಟ್‌ವೇರ್ ಆದ ಲೈಟ್‌ರೂಮ್‌ನಲ್ಲಿ ಮೊದಲು ಲೆನ್ಸ್ ಪ್ರೊಫೈಲ್ (ಲೆನ್ಸಿನದೇ ಡೊಂಕು ತಿದ್ದುವ ಆಯ್ಕೆ) ಆನ್ ಮಾಡಿ. ಇಲ್ಲದಿದ್ದರೆ ಅಂಚುಗಳು ಡೊಂಕಾಗೇ ಇರುತ್ತವೆ, ಗೆರೆ ಸರಿಯಾಗಿ ಕೂರಲ್ಲ. ಆಮೇಲೆ ಟ್ರಾನ್ಸ್‌ಫಾರ್ಮ್‌ನಲ್ಲಿ ಗೈಡೆಡ್ ಆರಿಸಿ, ಎಡಬಲದ ಗೋಪುರಗಳ ಅಂಚಿಗೆ ಒಂದೊಂದು ಗೆರೆ ಎಳೀರಿ. ಈ ತಿದ್ದುಪಡಿ ಪಕ್ಕಗಳನ್ನು ನುಂಗುತ್ತೆ. ಹಾಗಾಗಿ ತೆಗೆಯುವಾಗಲೇ ಎರಡೂ ಕಡೆ ಧಾರಾಳ ಜಾಗ ಬಿಡಿ.

ನೂರಕ್ಕೆ ನೂರು ನೆಟ್ಟಗಾದ ಕಟ್ಟಡ ವಿಚಿತ್ರವಾಗಿ ಮೇಲೆ ಅಗಲವಾದಂತೆ ಕಾಣುತ್ತೆ. ಕತ್ತೆತ್ತಿ ನೋಡಿ ರೂಢಿಯಾದ ಕಣ್ಣು ಚೂರು ಬಾಗನ್ನು ಬಯಸುತ್ತೇನೋ. ವರ್ಟಿಕಲ್ ಸ್ಲೈಡರನ್ನು ಗೋಪುರಗಳು ಮತ್ತೆ ಚೂರು ಒಳಕ್ಕೆ ಬಾಗುವ ಕಡೆಗೆ ಐದಾರು ಅಂಕ ಸರಿಸೋದು ನನಗಿಷ್ಟ. ಇಷ್ಟಾದ ಮೇಲೂ 44 ಮೀಟರ್ ವ್ಯಾಸದ ಗುಮ್ಮಟ ಮೊಟ್ಟೆ ಥರ ಉದ್ದವಾಗಿದ್ದರೆ, ಆಸ್ಪೆಕ್ಟ್ ಸ್ಲೈಡರನ್ನು ಅಗಲವಾಗುವ ಕಡೆಗೆ ಸ್ವಲ್ಪವೇ ಸರಿಸಿ.