ತಪ್ಪು ಮಾಡೆಲ್‌ಗಳನ್ನ ಯಾಕೆ ಓದ್ಬೇಕು ಮಾಮ?

ಅಕ್ಕನ ಮಗಳು ಈ ಸಲ ಒಂಬತ್ತನೇ ಕ್ಲಾಸು. ಮೊನ್ನೆ ಸೈನ್ಸ್ ಪುಸ್ತಕದ ಪರಮಾಣು ಪಾಠ ತಂದು ನನ್ನ ಮುಂದೆ ಕುಕ್ಕಿ, "ಮಾಮ, ಥಾಮ್ಸನ್ ಮಾಡೆಲ್ ತಪ್ಪು, ರುದರ್‌ಫೋರ್ಡ್ ಮಾಡೆಲ್‌ನಲ್ಲೂ ದೋಷ ಅಂತ ಇವರೇ ಬರ್ದಿದಾರೆ, ಮತ್ತೆ ನಾನ್ಯಾಕೆ ಓದ್ಬೇಕು?" ಅಂದ್ಲು. ನ್ಯಾಯವಾದ ಪ್ರಶ್ನೆನೇ. ನಾವೂ "ಮಾದರಿಯ ಮಿತಿಗಳು" ಅಂತ ನಾಕು ಪಾಯಿಂಟ್ ಉರು ಹೊಡ್ದು ಬರ್ದು ಬಂದವರೇ, ಯಾಕೆ ಅಂತ ಕೇಳೋ ಧೈರ್ಯ ಇರ್ಲಿಲ್ಲ ಅಷ್ಟೇ.

ಥಾಮ್ಸನ್‌ದು ಕಲ್ಲಂಗಡಿ ಹಣ್ಣು ಅಂತ ಎಲ್ರಿಗೂ ನೆನಪಿರುತ್ತೆ, ಕೆಂಪು ತಿರುಳು ಪಾಸಿಟಿವ್, ಬೀಜ ಎಲೆಕ್ಟ್ರಾನು. ಆದ್ರೆ ಆಗಿನ ಕಾಲಕ್ಕೆ ಅದೇನು ಪೆದ್ದು ಐಡಿಯಾ ಅಲ್ಲ ನೋಡಿ. ಪರಮಾಣು ಸಿದ್ಧಾಂತ ಕೊಟ್ಟ ಡಾಲ್ಟನ್ ಕಾಲದಿಂದ್ಲೂ ಪರಮಾಣು ಅಂದ್ರೆ ಒಡೆಯಕ್ಕಾಗದ ಗುಂಡು ಅಂತಿದ್ರು, 1897ರಲ್ಲಿ ಇದೇ ಥಾಮ್ಸನ್ ಅದರೊಳಗಿಂದ ನೆಗೆಟಿವ್ ಚಾರ್ಜಿನ ಎಲೆಕ್ಟ್ರಾನು ಬರುತ್ತೆ ಅಂತ ತೋರ್ಸಿದ, ಹಂಗಾದ್ರೆ ಅದನ್ನ ಸರಿದೂಗ್ಸೋ ಪಾಸಿಟಿವ್ ಎಲ್ಲಿದೆ? ಎಲ್ಲಾ ಕಡೆ ಹರಡ್ಕೊಂಡಿದೆ ಅಂದ. ನಾನಾಗಿದ್ರೂ ಅದನ್ನೇ ಹೇಳ್ತಿದ್ದೆ.

ನಂಗೆ ಇಡೀ ಪಾಠದಲ್ಲಿ ಇಷ್ಟವಾಗೋದು ಅದರ ಮುಂದಿನ ಭಾಗ, ಪುಸ್ತಕದಲ್ಲಿ ಅದು ಒಂದು ಚಿತ್ರ ಮತ್ತೆ ಬಾಣದ ಗುರುತಲ್ಲಿ ಮುಗ್ದೋಗುತ್ತೆ. ಮ್ಯಾಂಚೆಸ್ಟರ್, 1909. ರುದರ್‌ಫೋರ್ಡ್ ಲ್ಯಾಬಲ್ಲಿ ಅವನ ಸಹಾಯಕ ಗೈಗರ್, ಜೊತೆಗೆ ಮಾರ್ಸ್‌ಡೆನ್ ಅಂತ ಇಪ್ಪತ್ತು ವರ್ಷದ ಸ್ಟೂಡೆಂಟು. ಲೋಹದ ತೆಳು ಹಾಳೆಗೆ ಆಲ್ಫಾ ಕಣ (ವಿಕಿರಣ ವಸ್ತುವಿಂದ ಜೋರಾಗಿ ಚಿಮ್ಮೋ ಪಾಸಿಟಿವ್ ಕಣ) ಹೊಡೀಬೇಕು, ಅವು ಎಲ್ಲಿ ಬೀಳ್ತವೆ ಅಂತ ನೋಡ್ಬೇಕು. ನೋಡೋದು ಹೆಂಗೆ? ಕಂಪ್ಯೂಟರ್ ಇಲ್ಲ, ಎಂತದೂ ಇಲ್ಲ, ಜಿಂಕ್ ಸಲ್ಫೈಡ್ ಬಳಿದ ಪರದೆ ಮೇಲೆ ಕಣ ಬಿದ್ದಾಗ ಮಿಣುಕ್ ಅಂತ ಒಂದು ಚುಕ್ಕಿ ಬೆಳಕು, ಅದನ್ನ ಕತ್ತಲೆ ರೂಮಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಒಂದೊಂದೇ ಎಣಿಸ್ಬೇಕು. ಅದಕ್ಕೂ ಮುಂಚೆ ಕಣ್ಣು ಕತ್ತಲೆಗೆ ಪಳಗ್ಲಿ ಅಂತ ಸುಮ್ನೆ ಕೂತಿರ್ಬೇಕು ಬೇರೆ. ಗೈಗರ್ ಈ ಕೆಲಸದಲ್ಲಿ ರಾಕ್ಷಸ, ರಾತ್ರಿಯಿಡೀ ಬೇಕಾದ್ರೂ ಎಣಿಸ್ತಾನೆ, ನಾನು ಎರಡೇ ನಿಮಿಷಕ್ಕೆ ಬೈಕೊಂಡು ಎದ್ದುಬಂದೆ ಅಂತ ರುದರ್‌ಫೋರ್ಡೇ ಒಂದು ಕಾಗದದಲ್ಲಿ ಬರ್ಕೊಂಡಿದಾನೆ.

ಹಂಗೆ ಎಣಿಸಿದಾಗ ಸಿಕ್ಕಿದ್ದು, ಪ್ಲಾಟಿನಂ ಮೇಲೆ ಬಿದ್ದ ಸುಮಾರು 8000 ಕಣದಲ್ಲಿ ಒಂದು ಬಂದ ಕಡೆಗೇ ವಾಪಸ್! ಕಲ್ಲಂಗಡಿ ತಿರುಳಿಗೆ ಬುಲೆಟ್ ಹೊಡೆದ್ರೆ ವಾಪಸ್ ಬರುತ್ತಾ? ಒಳಗೆಲ್ಲೋ ಗಟ್ಟಿ ಕಲ್ಲಿರ್ಬೇಕು. ಆ ಕಲ್ಲೇ ಪರಮಾಣುವಿನ ನಡುವಿನ ನ್ಯೂಕ್ಲಿಯಸ್, ಅದನ್ನ ರುದರ್‌ಫೋರ್ಡ್ ಲೆಕ್ಕ ಹಾಕಿ ಹೇಳಕ್ಕೆ 1911 ಆಯ್ತು. ಎಷ್ಟು ಸಣ್ಣದು ಅಂದ್ರೆ, ಹೈಡ್ರೋಜನ್ ನ್ಯೂಕ್ಲಿಯಸ್ಸನ್ನ ಕಡಲೆಕಾಳು ಅಂದ್ಕೊಂಡ್ರೆ ಎಲೆಕ್ಟ್ರಾನು ಹೆಚ್ಚುಕಮ್ಮಿ ಕಾಲು ಕಿಲೋಮೀಟರ್ ದೂರ, ಮಧ್ಯೆ ಬರೀ ಖಾಲಿ.

ಇಲ್ಲಿ ಇನ್ನೊಂದು ತಲೆನೋವು. ರುದರ್‌ಫೋರ್ಡ್ ಮಾಡೆಲ್‌ನಲ್ಲಿ ಎಲೆಕ್ಟ್ರಾನು ನ್ಯೂಕ್ಲಿಯಸ್ ಸುತ್ತ ಸುತ್ತುತ್ತೆ, ಆಗಿನ ಫಿಸಿಕ್ಸ್ ಪ್ರಕಾರ ಹಂಗೆ ಸುತ್ತೋ ಎಲೆಕ್ಟ್ರಾನು ಬೆಳಕು ಚೆಲ್ತಾ ಚೆಲ್ತಾ ಕಣ್ಣು ಮಿಟುಕಿಸೋದ್ರೊಳಗೆ ನ್ಯೂಕ್ಲಿಯಸ್ಸಿಗೆ ಬಿದ್ದೋಗ್ಬೇಕಲ್ವಾ, ನಾವೆಲ್ಲಾ ಹೆಂಗೆ ಇದೀವಿ? 1913ರಲ್ಲಿ ನೀಲ್ಸ್ ಬೋರ್ ಅನ್ನೋ ವಿಜ್ಞಾನಿ ಹೆಚ್ಚುಕಮ್ಮಿ ಜಬರ್ದಸ್ತಿನೇ ಮಾಡ್ದ, ಕೆಲವು ಕಕ್ಷೆಲಿ ಇದ್ರೆ ಬೆಳಕು ಚೆಲ್ಲಲ್ಲ, ಒಂದರಿಂದ ಇನ್ನೊಂದಕ್ಕೆ ಹಾರಿದ್ರೆ ಮಾತ್ರ ಅಂತ. ವಿಚಿತ್ರ ಅಂದ್ರೆ ಹೈಡ್ರೋಜನ್ ಬೆಳಕನ್ನ ಬಣ್ಣಬಣ್ಣವಾಗಿ ಬಿಡಿಸಿದ್ರೆ ಕಾಣೋ ಗೆರೆಗಳಿಗೆ ಬಾಮರ್ ಅನ್ನೋ ಸ್ವಿಸ್ ಮೇಷ್ಟ್ರು 1885ರಲ್ಲೇ ಕಂಡುಹಿಡಿದಿದ್ದ ಸೂತ್ರ ಇದಕ್ಕೆ ಕರೆಕ್ಟಾಗಿ ಕೂತ್ಕೊಳ್ತು. ಹೀಲಿಯಂಗೆ ಬಂದ್ರೆ ಮಾತ್ರ ಬೋರ್ ಲೆಕ್ಕ ಕೈಕೊಡ್ತು. 1926ರಲ್ಲಿ ಶ್ರೋಡಿಂಗರ್ ಸಮೀಕರಣ ಬಂದ್ಮೇಲೆ ಕಕ್ಷೆನೂ ಹೋಗಿ ಎಲೆಕ್ಟ್ರಾನು ಎಲ್ಲಿ ಸಿಗೋ ಚಾನ್ಸ್ ಎಷ್ಟು ಅನ್ನೋ ಮೋಡ ಉಳೀತು, ಅದು ಇವಳಿಗೆ ಪಿಯುಸಿಲಿ ಬರುತ್ತೆ, ಈಗ್ಲೇ ಬೇಡ ಅಂತ ಬಿಟ್ಟೆ.

ಇಷ್ಟೆಲ್ಲಾ ಕೇಳಿದ್ಮೇಲೆ ಅವಳಿಗೆ ಹಿಡಿಸಿದ್ದು ಗೈಗರ್ ಒಬ್ಬನೇ. ರಾತ್ರಿ ರೂಮಿನ ಬಾಗಿಲು ಹಾಕಿ, ಲೈಟ್ ಆರ್ಸಿ, ಕಿಟಕಿಗೆ ಬೆಡ್‌ಶೀಟ್ ಕಟ್ಕೊಂಡು ಕೂತ್ಲು. ಮೂರು ನಿಮಿಷಕ್ಕೆ ಸೊಳ್ಳೆ ಅಂತ ಬೈಕೊಂಡು ಹೊರಗೆ ಬಂದ್ಲು. ಪರವಾಗಿಲ್ಲ, ರುದರ್‌ಫೋರ್ಡ್‌ಗಿಂತ ಒಂದು ನಿಮಿಷ ಜಾಸ್ತಿ ಕೂತೆ ಅಂದೆ.