ನೂರು ವಾಟ್ ಸಾಕು
ಪುಟ್ಟ ದ್ವೀಪಗಳ ಸಮುದಾಯ ರೇಡಿಯೋ ಬಗ್ಗೆ ಸುಮ್ನೆ ಓದುತ್ತಾ ಕೂತಿದ್ದೆ. ಅಮೆರಿಕದಲ್ಲಿ 2000ರಲ್ಲಿ ಜಾರಿಗೆ ಬಂದ ಲೋ ಪವರ್ ಎಫ್‌ಎಂಗೆ, ಅಂದರೆ ಕಡಿಮೆ ಶಕ್ತಿಯ ಸಣ್ಣ ರೇಡಿಯೋ ಸ್ಟೇಷನ್ನಿಗೆ, ಹೆಚ್ಚೆಂದರೆ 100 ವಾಟ್. ಹಳೇ ಕಾಲದ ಒಂದು ಬಲ್ಬಿನಷ್ಟು, ಅಷ್ಟೇ! ಆಂಟೆನಾ 30 ಮೀಟರ್ ಎತ್ತರದಲ್ಲಿದ್ದರೆ ಸುಮಾರು 5.6 ಕಿಲೋಮೀಟರ್‌ವರೆಗೆ ಕೇಳಿಸುತ್ತದೆ. ದೊಡ್ಡ ನಗರಕ್ಕೆ ಇದು ಯಾವ ಮೂಲೆಗೂ ಸಾಲದು, ಸಣ್ಣ ದ್ವೀಪಕ್ಕೆ ಧಾರಾಳ. ಗುಡ್ಡ ಅಡ್ಡ ಬಂದರೆ ಮಾತ್ರ ಆಚೆ ಕಡೆಯವರಿಗೆ ಬರೀ ಗೊರಗೊರ. ಸಮುದ್ರದ ಮೇಲೆ ಆ ತಾಪತ್ರಯ ಇಲ್ಲ, ಹತ್ತಿರದ ದೋಣಿಯವರಿಗೂ ಸಲೀಸಾಗಿ ಸಿಗುತ್ತದೆ. ಬಿರುಗಾಳಿಗೆ ಕರೆಂಟು ಹೋದರೂ ಇಷ್ಟು ಸಣ್ಣ ಸ್ಟೇಷನ್ನನ್ನು ಬ್ಯಾಟರಿಯಲ್ಲೇ ನಡೆಸಬಹುದು. ಇವತ್ತು ದೋಣಿ ಬಿಡ್ತಾರಾ ಇಲ್ವಾ ಅಂತ ದೊಡ್ಡ ಚಾನೆಲ್ ಯಾಕೆ ಹೇಳುತ್ತದೆ? ಇಲ್ಲಿ ಅದೇ ಮುಖ್ಯ ಸುದ್ದಿ. ಓದುವವರೂ ಪಕ್ಕದ ಮನೆಯವರೇ. ತಪ್ಪು ಓದಿದರೆ ಸಂಜೆ ದಾರೀಲೇ ಹಿಡಿದು ಕೇಳ್ತಾರೆ, ಅಲ್ವಾ?